ಡಾಕ್ಟರ ಕೋಟ್ನಿಸರ ಕಥೆ: ಹೇಳಿದ್ದು, ಹೇಳದೆ ಬಿಟ್ಟದ್ದು

ಡಾಕ್ಟರ ದ್ವಾರಕಾನಾಥ ಕೋಟ್ನಿಸರ ಹೆಸರನ್ನು ಕೇಳದ ವಾಚಕರು ನಮ್ಮಲ್ಲಿ ವಿರಳ. ಜಪಾನಿನ ದಾಳಿಯನ್ನು ಎದುರಿಸುತ್ತಿದ್ದ ಚೀನಕ್ಕೆ ೧೯೩೮ರಲ್ಲಿ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. ಉಳಿದ ನಾಲ್ವರು ಮರಳಿ ಬಂದರು, ಅವರು ಬರಲಿಲ್ಲ. ಇಷ್ಟು ಸಂಗತಿ ಎಲ್ಲರ ಬಾಯಲ್ಲಿಯೂ ಇದೆ. ಇದು ಹೀಗೆ ಮನೆಮಾತಾದದ್ದು ಮುಖ್ಯವಾಗಿ ಎರಡು ಕೃತಿಗಳಿಂದ. ಒಂದು, ಖ್ವಾಜಾ ಅಹಮದ್ ಅಬ್ಬಾಸರು ೧೯೪೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕ. ‘ಮತ್ತು ಒಬ್ಬ ಹಿಂದಿರುಗಿ ಬರಲಿಲ್ಲ’ ಎಂಬುದು ಅದರ ಹೆಸರಿನ ಅರ್ಥ. ಇನ್ನೊಂದು, ಶಾಂತಾರಾಮರು ೧೯೪೬ರಲ್ಲಿ ತೆರೆಗೆ ತಂದ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’. ಈ ಎರಡೂ ಕೃತಿಗಳ ಉಪಕಾರ ದೊಡ್ಡದು. ಆದರೆ ಉಪಕಾರವನ್ನು ನೆನೆಯುವುದು ಬೇರೆ, ಕೃತಿಯನ್ನು ತೂಗಿ ನೋಡುವುದು ಬೇರೆ. ಈ ಕೃತಿಗಳು ಕೋಟ್ನಿಸರ ಬಾಳಿನ ಯಾವ ಭಾಗವನ್ನು ನಮಗೆ ಹೇಳಿದವು, ಯಾವುದನ್ನು ಹೇಳದೆ ಬಿಟ್ಟವು ಎಂಬುದನ್ನು ಕೇಳಿಕೊಳ್ಳುವ ಕಾಲ ಎಂದೋ ಬಂದಿದೆ. ಹಾಗೆ ಬಿಟ್ಟುಹೋದ ಭಾಗವೇ ನಮಗೆ ಹೆಚ್ಚು ಬೇಕಾದದ್ದು ಎಂಬುದು ಈ ಲೇಖನದ ಅಭಿಪ್ರಾಯ.

ಆಲಮೇಲ, ಸಿಂದಗಿ, ಇಂಡಿಗಳ ಕಡೆಯವರಿಗೆ ಈ ಕಥೆಯ ಆರಂಭವಂತೂ ಪರದೇಶದ್ದಲ್ಲ. ಕೋಟ್ನಿಸರು ಹುಟ್ಟಿದ್ದು ಭೀಮಾನದಿಯ ಆಚೆ ಕಡೆಯ ಸೊಲ್ಲಾಪುರದಲ್ಲಿ, ೧೯೧೦ರ ಅಕ್ಟೋಬರ ೧೦ರಂದು. ಸೊಲ್ಲಾಪುರವೆಂದರೆ ನಮ್ಮ ಜನಕ್ಕೆ ಸಿದ್ಧರಾಮನ ಸೊನ್ನಲಿಗೆ, ಸಂಕ್ರಮಣದ ಜಾತ್ರೆ, ನೂಲಿನ ಗಿರಣಿ, ಚಾದರದ ಪೇಟೆ. ಬರ ಬಿದ್ದಾಗ ದುಡಿಯಲೆಂದು, ಬೇನೆ ಬಿದ್ದಾಗ ತೋರಿಸಲೆಂದು ಹೊಳೆ ದಾಟಿ ಅಲ್ಲಿಗೆ ಹೋಗುವುದು ತಲೆಮಾರುಗಳಿಂದ ಬಂದ ರೂಢಿ. ೧೯೫೬ರವರೆಗೆ ವಿಜಾಪುರ, ಸೊಲ್ಲಾಪುರಗಳೆರಡೂ ಮುಂಬಯಿಯ ಆಡಳಿತದಲ್ಲಿಯೇ ಇದ್ದವು. ಕೋಟ್ನಿಸರು ಮರಾಠಿ ಮನೆಯವರು. ಅವರನ್ನು ಕನ್ನಡಿಗರೆಂದು ಕರೆದುಕೊಳ್ಳುವ ಹಟ ನಮಗೆ ಬೇಡ. ಆದರೆ ಅವರು ಬೆಳೆದ ಊರಿನಲ್ಲಿ ಬೀದಿ ಬೀದಿಗೂ ಮಾತು ಬದಲಾಗುತ್ತಿತ್ತು: ಮರಾಠಿ, ಕನ್ನಡ, ತೆಲುಗು, ಉರ್ದು. ೧೯೩೦ರ ಮೇ ತಿಂಗಳಲ್ಲಿ ಆ ಊರಿನ ಮೇಲೆ ಬ್ರಿಟಿಷರು ಲಷ್ಕರಿ ಕಾನೂನನ್ನು ಹೇರಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು ೧೯೩೧ರ ಜನವರಿ ೧೨ರಂದು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆಗ ಕೋಟ್ನಿಸರಿಗೆ ಇಪ್ಪತ್ತು ವರ್ಷ. ಇಂಥ ಊರಿನಲ್ಲಿ ಬೆಳೆದ ತರುಣ ಮುಂಬಯಿಯ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರನಾದ.

ಚೀನದ ಸೇನಾನಿ ಚೂ ತೇ ಅವರು ನೆಹರೂ ಅವರಿಗೆ ವೈದ್ಯಕೀಯ ನೆರವು ಕೋರಿ ಪತ್ರ ಬರೆದಿದ್ದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ೧೯೩೮ರ ಜೂನ್ ೩೦ರಂದು ದೇಶಕ್ಕೆ ಕರೆಯಿತ್ತರು. ಜುಲೈಯಲ್ಲಿ ಚೀನ ದಿನವನ್ನು ಆಚರಿಸಿ ೨೨,೦೦೦ ರೂಪಾಯಿ ಕೂಡಿಸಿದರು. ಅಲಹಾಬಾದಿನ ಅಟಲ್, ನಾಗಪುರದ ಚೋಳಕರ, ಸೊಲ್ಲಾಪುರದ ಕೋಟ್ನಿಸ್, ಕಲಕತ್ತೆಯ ಬಸು ಮತ್ತು ಮುಖರ್ಜಿ ಎಂಬ ಐವರು ಸೆಪ್ಟೆಂಬರ ೧ರಂದು ಮುಂಬಯಿಯಿಂದ ಹಡಗು ಹತ್ತಿದರು. ಅಟಲರು ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಮಾಡಿ ನುರಿತವರು. ಅವರೇ ತಂಡದ ನಾಯಕರು. ಕ್ಯಾಂಟನ್, ಹ್ಯಾಂಕೌ, ಚುಂಗಕಿಂಗ್‌ಗಳನ್ನು ಹಾದು ೧೯೩೯ರ ಫೆಬ್ರವರಿ ೧೨ರಂದು ಅವರು ಯೆನಾನ್ ತಲುಪಿದರು. ದಾರಿಯಲ್ಲಿ ಶಾಂತಿನಿಕೇತನದ ಚೀನೀ ವಿದ್ವಾಂಸ ತಾನ್ ಯುನ್-ಷಾನ್‌ರು ಐವರಿಗೂ ಚೀನೀ ಹೆಸರಿಟ್ಟರು. ಪ್ರತಿ ಹೆಸರಿನ ಕೊನೆಗೂ ಚೀನ ಎಂದು ಅರ್ಥ ಕೊಡುವ ‘ಹ್ವಾ’ ಎಂಬ ಅಕ್ಷರವಿತ್ತು. ಕೋಟ್ನಿಸರು ಕೆ ತಿ-ಹ್ವಾ ಆದರು. ತಂದೆ ತೀರಿಕೊಂಡ ಸುದ್ದಿ ಯೆನಾನ್ ತಲುಪುವ ಮೊದಲೇ ಬಂದಿತ್ತು. ಹಿಂದಿರುಗಬಹುದೆಂದು ಜೊತೆಗಾರರು ಹೇಳಿದರೂ ಅವರು ಮುಂದಕ್ಕೇ ಹೋದರು.

ಮೊದಲು ಅಬ್ಬಾಸರ ಪುಸ್ತಕವನ್ನು ನೋಡೋಣ. ಬಸು ಅವರು ೧೯೪೩ರಲ್ಲಿ ಹಿಂದಿರುಗಿ ತಂದ ವೃತ್ತಾಂತವೇ ಅದರ ಆಧಾರ. ಅದು ಪ್ರಕಟವಾದಾಗ ದೇಶದ ನಾಯಕರು ಸೆರೆಮನೆಯಲ್ಲಿದ್ದರು. ಕೋಟ್ನಿಸರು ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಪತ್ರಕರ್ತನ ಚುರುಕಾದ ಕೈ, ಸಮಕಾಲೀನನ ಬಿಸಿ ಉಸಿರು ಎರಡೂ ಆ ಪುಸ್ತಕದಲ್ಲಿವೆ. ಪರಾಧೀನ ದೇಶವೊಂದು ಇನ್ನೊಂದು ದೇಶದ ಬಿಡುಗಡೆಗೆ ತನ್ನ ಮಕ್ಕಳನ್ನು ಕಳಿಸಿಕೊಟ್ಟಿತೆಂಬ ಸಂಗತಿಯನ್ನು ಸಾರಿ ಹೇಳುವುದು ಆಗ ಅವಶ್ಯವಾಗಿತ್ತು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಆದರೆ ಹೆಸರನ್ನೇ ನೋಡಿರಿ. ಐವರು ಹೋದ ಕಥೆಯನ್ನು ಬಾರದೆ ಉಳಿದ ಒಬ್ಬನಿಂದ ಅಳೆಯುವ ಹೆಸರದು. ಅಲ್ಲಿಯ ಲೆಕ್ಕ ಸಾವಿನ ಲೆಕ್ಕ. ಹಿಂದಿರುಗಿದವರು ಏನನ್ನು ಹೊತ್ತು ತಂದರೆಂಬ ಪ್ರಶ್ನೆಗೆ ಆ ಹೆಸರಿನಲ್ಲಿ ಜಾಗವಿಲ್ಲ. ಬಸು ಅವರನ್ನೇ ತೆಗೆದುಕೊಳ್ಳಿ: ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ, ಸೂಜಿ ಚುಚ್ಚಿ ನೋವು ಕಳೆಯುವ ಅಲ್ಲಿಯ ಪುರಾತನ ವಿದ್ಯೆಯನ್ನು ಕಲಿತು ಬಂದು, ೧೯೫೯ರಿಂದ ಕಲಕತ್ತೆಯಲ್ಲಿ ಅದನ್ನು ಆಚರಣೆಗೆ ತಂದರು. ಪಶ್ಚಿಮದ ವೈದ್ಯಶಾಸ್ತ್ರವನ್ನು ಕೊಡಲು ಹೋದವರು ಪೂರ್ವದ್ದನ್ನು ಪಡೆದುಕೊಂಡು ಬಂದರು. ಹುತಾತ್ಮನ ಕಥೆಗಿಂತ ಇದು ಕಡಿಮೆ ಕುತೂಹಲದ್ದೇನೂ ಅಲ್ಲ.

ಅದೇ ಅಬ್ಬಾಸರು ವಿ. ಪಿ. ಸಾಠೆಯವರೊಡನೆ ಚಿತ್ರಕಥೆಯನ್ನು ಹೆಣೆದರು. ಶಾಂತಾರಾಮರು ನಿರ್ದೇಶಿಸಿ ತಾವೇ ಕೋಟ್ನಿಸರ ಪಾತ್ರ ವಹಿಸಿದರು. ಜಯಶ್ರೀ ಚೀನೀ ದಾದಿ ಚಿಂಗ್ ಲಾನ್ ಆದರು. ವಸಂತ ದೇಸಾಯಿಯವರ ಸಂಗೀತ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತಿದ್ದ ಪ್ರೇಕ್ಷಕರು ಅದನ್ನು ಎದೆತುಂಬಿ ಸ್ವೀಕರಿಸಿದರು. ಚಿತ್ರದಲ್ಲಿ ಕೋಟ್ನಿಸರು ಭೀಕರವಾದ ಪ್ಲೇಗಿಗೆ ಮದ್ದು ಹುಡುಕುತ್ತಾರೆ. ಜಪಾನೀಯರ ಕೈಗೆ ಸಿಕ್ಕಿ ತಪ್ಪಿಸಿಕೊಳ್ಳುತ್ತಾರೆ. ಕೊನೆಗೆ ಅದೇ ಬೇನೆ ತಗಲಿ ಪ್ರಾಣ ಬಿಡುತ್ತಾರೆ. ನಿಜದಲ್ಲಿ ಅವರನ್ನು ಕೊಂದದ್ದು ಮೂರ್ಛೆರೋಗ. ಪದೇ ಪದೇ ಬರುತ್ತಿದ್ದ ಸೆಳವುಗಳು ೧೯೪೨ರ ಡಿಸೆಂಬರ ೯ರಂದು ಅವರ ಪ್ರಾಣ ತೆಗೆದವು. ಆಗ ಅವರ ವಯಸ್ಸು ಮೂವತ್ತೆರಡು.

ಚಿತ್ರಕಾರನಿಗೆ ಸಂಗತಿಗಳನ್ನು ಬದಲಿಸುವ ಸ್ವಾತಂತ್ರ್ಯವಿಲ್ಲವೇ ಎಂದು ಯಾರಾದರೂ ಕೇಳಬಹುದು. ಅವಶ್ಯವಾಗಿ ಇದೆ. ಬದಲಾವಣೆ ಯಾವ ಕಡೆಗೆ ಸಾಗಿತೆಂಬುದಷ್ಟೇ ವಿಮರ್ಶಕನು ಕೇಳಬೇಕಾದದ್ದು. ಪ್ಲೇಗೆಂದರೆ ಅಂದಿನ ಪ್ರೇಕ್ಷಕನಿಗೆ ಹೊಸದಾಗಿ ಪರಿಚಯಿಸಬೇಕಾದ ವೈರಿಯಾಗಿರಲಿಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಆ ಮಾರಿ ಮುಂದಿನ ವರ್ಷಗಳಲ್ಲಿ ನಮ್ಮ ನಾಡಿನ ಊರೂರನ್ನು ಬರಿದು ಮಾಡಿತ್ತು. ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಮದ್ದು ಹುಡುಕಿದವನು ದೇವರಿಗೆ ಸಮ. ಮೂರ್ಛೆಬೇನೆಯ ಮಾತು ಹಾಗಲ್ಲ. ಅದನ್ನು ನಮ್ಮ ಸಮಾಜ ಗಾಳಿ, ದೆವ್ವ, ಪೂರ್ವಕರ್ಮ ಎಂದು ಮುಚ್ಚಿಟ್ಟುಕೊಂಡು ಬಂದಿದೆ. ಮಗಳ ಮದುವೆಗೆ ಅಡ್ಡ ಬರುತ್ತದೆಂದು ಅಡಗಿಸಿದೆ. ತನ್ನ ಬೇನೆಯನ್ನು ಬಲ್ಲ ಡಾಕ್ಟರನೊಬ್ಬನು ಆ ಬೇನೆಯ ನಡುವೆಯೇ ಪಾಠ ಹೇಳುತ್ತ, ಶಸ್ತ್ರಚಿಕಿತ್ಸೆ ಮಾಡುತ್ತ ಉಳಿದನೆಂದು ತೆರೆಯ ಮೇಲೆ ತೋರಿಸಿದ್ದರೆ ಅದು ಕೋಟಿ ಪ್ರೇಕ್ಷಕರ ಕಣ್ಣು ತೆರೆಸುವ ವೈದ್ಯವಾಗುತ್ತಿತ್ತು. ಚಿತ್ರ ಆ ಅವಕಾಶವನ್ನು ಬಿಟ್ಟುಕೊಟ್ಟಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮದ್ದು ಕಂಡುಹಿಡಿದು ಊರನ್ನು ಉಳಿಸುವ ಒಂಟಿ ಮಹಾತ್ಮನನ್ನು ನಿಲ್ಲಿಸಿದೊಡನೆ, ಕೋಟ್ನಿಸರು ನಿಜವಾಗಿ ಮಾಡಿದ ಕೆಲಸವೇ ಕಾಣದಂತಾಯಿತು. ಆ ಕೆಲಸವೇನೆಂದು ತಿಳಿಯಬೇಕಾದರೆ ಅಂದಿನ ಚೀನದ ವೈದ್ಯಸ್ಥಿತಿಯನ್ನು ಕೊಂಚ ನೋಡಬೇಕು.

ಪೀಕಿಂಗಿನಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಹಣದಿಂದ ಕಟ್ಟಿದ ಯೂನಿಯನ್ ವೈದ್ಯಕೀಯ ಕಾಲೇಜು ಇತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಮಟ್ಟ ಅಮೆರಿಕದ್ದು, ಹೊರಬರುವ ಪದವೀಧರರು ವರ್ಷಕ್ಕೆ ಬೆರಳೆಣಿಕೆಯಷ್ಟು. ಕೋಟಿಗಟ್ಟಲೆ ರೈತರಿಗೆ ಆ ಕಾಲೇಜು ಇದ್ದೂ ಇಲ್ಲದಂತೆ. ಅಲ್ಲಿ ಓದಿದ ಚೆನ್ ಚಿ-ಚಿಯೆನ್ ಎಂಬ ವೈದ್ಯರು ಇದನ್ನು ಮನಗಂಡು, ಹೋಪೇ ಪ್ರಾಂತದ ತಿಂಗ್‌ಷಿಯೆನ್ ಎಂಬಲ್ಲಿ ಮೂವತ್ತರ ದಶಕದಲ್ಲಿ ಹೊಸ ಪ್ರಯೋಗ ನಡೆಸಿದರು. ಹಳ್ಳಿಯವರಲ್ಲಿಯೇ ಒಬ್ಬನನ್ನು ಆರಿಸಿ, ಕೆಲವು ದಿನ ತರಬೇತು ಕೊಟ್ಟು, ಸಣ್ಣ ಔಷಧದ ಪೆಟ್ಟಿಗೆಯೊಂದನ್ನು ಅವನ ಕೈಗಿಟ್ಟರು. ಹುಟ್ಟುಸಾವು ಬರೆದಿಡುವುದು, ದೇವಿ ಹಾಕುವುದು, ಬಾವಿಯ ನೀರು ಚೊಕ್ಕಟವಾಗಿಡುವುದು, ಗಾಯ ಕಟ್ಟುವುದು ಅವನ ಕೆಲಸ. ೧೯೩೭ರ ಯುದ್ಧ ಆ ಪ್ರಯೋಗವನ್ನು ನುಂಗಿತು. ಕೋಟ್ನಿಸರು ಮುಂದೆ ದುಡಿದು ಮಡಿದ ತಾಂಗ್‌ಷಿಯೆನ್ ಇದರ ನೆರೆಯ ಜಿಲ್ಲೆಯೇ. ಅತ್ತ ಯೆನಾನಿನ ಪ್ರದೇಶದ ಸ್ಥಿತಿಯನ್ನು ಮಾವೋ ತ್ಸೆ-ತುಂಗ್‌ರೇ ೧೯೪೪ರ ಭಾಷಣವೊಂದರಲ್ಲಿ ಲೆಕ್ಕ ಹಾಕಿ ಹೇಳಿದ್ದಾರೆ: ೧೫ ಲಕ್ಷ ಜನರಲ್ಲಿ ೧೦ ಲಕ್ಷಕ್ಕೂ ಮಿಕ್ಕಿ ಅಕ್ಷರ ಬಾರದವರು, ಮಾಟಮಂತ್ರ ಮಾಡುವವರು ಎರಡು ಸಾವಿರ. ನಾಟಿವೈದ್ಯರು ಸಾವಿರ ಮಂದಿಯಾದರೂ ಇದ್ದರು. ಹೊಸ ವೈದ್ಯರು ಅವರನ್ನು ಹಳಿಯುತ್ತ ಕೂಡದೆ ಜೊತೆಗೂಡಿಸಿಕೊಂಡು ಹೋಗಬೇಕೆಂಬುದು ಆ ಭಾಷಣದ ಸಲಹೆಯಾಗಿತ್ತು.

ಆ ಬಡ ಗುಡ್ಡಗಾಡಿನ ಜನ ತಿನ್ನುತ್ತಿದ್ದದ್ದು ನವಣೆ. ಹೊಲದಲ್ಲಿ ನಿಲ್ಲುತ್ತಿದ್ದದ್ದು ಜೋಳದ ಬೆಳೆ. ನಮ್ಮ ಕಡೆಯ ಓದುಗನಿಗೆ ಈ ನೋಟವೇನೂ ಹೊಸದಲ್ಲ. ಮಣ್ಣಿನ ಗುಡ್ಡ ಕೊರೆದು ಮಾಡಿದ ಗವಿಗಳೇ ಯೆನಾನಿನಲ್ಲಿ ಮನೆ, ಶಾಲೆ, ದವಾಖಾನೆ. ದಿಗ್ಬಂಧನದಿಂದಾಗಿ ಔಷಧವಿಲ್ಲ, ಸಲಕರಣೆಯಿಲ್ಲ. ಬಡಿಗ, ಕಮ್ಮಾರರು ಮಾಡಿಕೊಟ್ಟದ್ದೇ ಸಲಕರಣೆ. ಬಳಸಿದ ಪಟ್ಟಿಯನ್ನೇ ಕುದಿಸಿ ಮತ್ತೆ ಬಳಕೆ. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರು ಹೇಸರಗತ್ತೆಯ ಬೆನ್ನ ಮೇಲೆ ಶಸ್ತ್ರಚಿಕಿತ್ಸೆಯ ಸಾಮಾನು ಹೇರಿಕೊಂಡು ರಣರಂಗದ ಬಳಿಗೆ ಹೋಗುತ್ತಿದ್ದರು. ಮೈಯ ಚರ್ಮ, ಕೂದಲುಗಳೂ ತಾಯಿತಂದೆಗಳಿಂದ ಬಂದವು, ಅವಕ್ಕೆ ಊನ ಮಾಡಬಾರದು ಎಂದು ಕನ್‌ಫ್ಯೂಷಿಯಸನ ಪರಂಪರೆ ಕಲಿಸಿದ್ದ ನಾಡು ಅದು. ಅಲ್ಲಿ ರಕ್ತ ಕೊಡಿರೆಂದರೆ ಯಾರು ಮುಂದೆ ಬರಬೇಕು? ಬೆಥ್ಯೂನರು ಮೊದಲು ತಮ್ಮ ತೋಳನ್ನೇ ಚಾಚಿದರು. ಆಮೇಲೆ ಹಳ್ಳಿಗರ ರಕ್ತದಾನಿ ಪಡೆ ತಾನಾಗಿಯೇ ಎದ್ದಿತು. ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗೆ ಗಾಯವಾಗಿ ನಂಜೇರಿ ಅವರು ೧೯೩೯ರ ನವೆಂಬರ ೧೨ರಂದು ತೀರಿಕೊಂಡರು. ಮುಂದಿನ ವರ್ಷ ಆ ಸೀಮೆಗೆ ಬಂದ ಕೋಟ್ನಿಸರು ೧೯೪೧ರ ಜನವರಿಯಲ್ಲಿ ಬೆಥ್ಯೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರಾದರು.

೧೯೪೦ರ ಕದನದಲ್ಲಿ ಹದಿಮೂರು ದಿನಗಳಲ್ಲಿ ಎಂಟು ನೂರಕ್ಕೂ ಹೆಚ್ಚು ಗಾಯಾಳುಗಳಿಗೆ ಅವರು ಚಿಕಿತ್ಸೆ ಮಾಡಿದರೆಂದೂ, ಎಪ್ಪತ್ತೆರಡು ಗಂಟೆ ನಿದ್ದೆಯಿಲ್ಲದೆ ನಿಂತರೆಂದೂ ಅವರ ಚರಿತ್ರಕಾರರು ಬರೆಯುತ್ತಾರೆ. ಕಥೆ ಹೇಳುವವರಿಗೆ ಪ್ರಿಯವಾದ ಅಂಕಿಗಳಿವು. ಆದರೆ ಯುದ್ಧಕಾಲದಲ್ಲಿ ಹೀಗೆ ದುಡಿದ ಶಸ್ತ್ರವೈದ್ಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಕೋಟ್ನಿಸರನ್ನು ಅವರಿಂದ ಬೇರೆಯಾಗಿಸುವ ಸಂಗತಿ ಹೆಚ್ಚು ಶಾಂತವಾದದ್ದು. ಅವರು ಚೀನೀ ಭಾಷೆಯನ್ನು ಕಲಿತರು. ನಾಲ್ಕು ಮಾತು ಕಲಿತು ನಿಲ್ಲದೆ, ಓದಿ ಬರೆದು ಪಾಠ ಹೇಳುವಷ್ಟು ಕಲಿತರು. ಬೆಥ್ಯೂನ್ ವೈದ್ಯಶಾಲೆಯಲ್ಲಿ ಅವರ ಮುಂದೆ ಕುಳಿತಿದ್ದವರು ಹೆಚ್ಚಿನ ಶಾಲೆಯನ್ನು ಕಾಣದ ರೈತರ, ಸೈನಿಕರ ಮಕ್ಕಳು. ಅವರಿಗೆ ಶಸ್ತ್ರಚಿಕಿತ್ಸೆಯನ್ನು ಅವರ ಮಾತಿನಲ್ಲಿಯೇ ಹೇಳಿಕೊಟ್ಟರು. ಸಾಮಾನ್ಯ ಶಸ್ತ್ರಚಿಕಿತ್ಸೆಯ ಮೇಲೆ ಚೀನೀ ಭಾಷೆಯಲ್ಲಿ ಪಠ್ಯಪುಸ್ತಕವನ್ನು ಸಿದ್ಧಗೊಳಿಸಿದರು. ಅದರ ಮುಂದಿನ ಭಾಗವನ್ನು ಬರೆಯುತ್ತಿದ್ದಾಗಲೇ ತೀರಿಕೊಂಡರು. ಪೀಕಿಂಗಿನ ಶ್ರೀಮಂತ ಕಾಲೇಜು ಚೀನೀಯರಿಗೆ ಇಂಗ್ಲಿಷಿನಲ್ಲಿ ವೈದ್ಯವನ್ನು ಕಲಿಸುತ್ತಿದ್ದಾಗ, ಇಂಗ್ಲಿಷಿನಲ್ಲಿ ವೈದ್ಯ ಕಲಿತ ಸೊಲ್ಲಾಪುರದ ತರುಣನು ಹೋಪೇ ಪ್ರಾಂತದ ಹಳ್ಳಿಯೊಂದರಲ್ಲಿ ಕುಳಿತು ಅದನ್ನು ಚೀನೀ ಭಾಷೆಗೆ ಇಳಿಸುತ್ತಿದ್ದ.

ಭಾಷೆಯ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಪರೀಕ್ಷೆ ಎಷ್ಟೇ ಮಾಡಿದರೂ ರೋಗಿ ತನ್ನ ಬೇನೆಯನ್ನು ಹೇಳುವುದು ಮಾತಿನಿಂದಲೇ. ಚೀನೀ ರೈತನು ದುಡಿದು ದಣಿದ ಸ್ನಾಯುಗಳ ನೋವನ್ನು ‘ಹುಳಿ’ ಎಂಬ ಅರ್ಥದ ಮಾತಿನಿಂದಲೇ ಹೇಳುತ್ತಾನೆ. ಸೊಂಟ ಹುಳಿಯಾಗಿದೆ ಎಂದರೆ ಅವನ ವೈದ್ಯನಿಗೆ ತಿಳಿಯಬೇಕು. ನಮ್ಮ ಸೀಮೆಯ ಮುದುಕಿ ‘ಕಳ್ಳಾಗ ಚುಚ್ಚಿಧಾಂಗ ಆಗತದ, ತಲಿ ಗಿರ್ರಂತದ, ಕೈಕಾಲಿಗಿ ಜೋಮು ಹಿಡದದ’ ಎಂದು ಹೇಳಿದರೆ ಅದರಲ್ಲಿ ಮೂರು ಬೇರೆ ಬೇರೆ ಸೂಚನೆಗಳಿವೆ. ಭಾಷೆ ಅರಿಯದ ಡಾಕ್ಟರನಿಗೆ ಅದು ಒಂದೇ ಗೋಳಾಟವಾಗಿ ಕೇಳುತ್ತದೆ.

ಇಲ್ಲಿ ಲೂ ಷುನ್‌ರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹೊಸ ಚೀನೀ ಸಾಹಿತ್ಯದ ಆ ಮೂಲಪುರುಷರು ಜಪಾನಿನ ಸೆಂದಾಯ್‌ಯಲ್ಲಿ ೧೯೦೪ರಿಂದ ೧೯೦೬ರವರೆಗೆ ವೈದ್ಯವನ್ನು ಓದಿ, ದೇಹಕ್ಕಿಂತ ಮನಸ್ಸಿಗೆ ಮದ್ದು ಮುಖ್ಯವೆಂದು ಅದನ್ನು ಬಿಟ್ಟು ಬಂದವರು. ೧೯೧೯ರಲ್ಲಿ ಅವರು ಬರೆದ ‘ಮದ್ದು’ ಎಂಬ ಸಣ್ಣಕಥೆಯಲ್ಲಿ ಚಹದ ಅಂಗಡಿಯವನ ಮಗನಿಗೆ ಕ್ಷಯ. ತಲೆ ಕಡಿಸಿಕೊಂಡವನ ಬಿಸಿರಕ್ತದಲ್ಲಿ ಅದ್ದಿದ ರೊಟ್ಟಿ ತಿನ್ನಿಸಿದರೆ ಗುಣವಾಗುತ್ತದೆಂಬ ನಂಬಿಕೆಯಿಂದ ತಂದೆ ಕೂಡಿಟ್ಟ ಹಣ ತೆತ್ತು ಅದನ್ನು ಕೊಳ್ಳುತ್ತಾನೆ. ಆ ರಕ್ತ ಒಬ್ಬ ಕ್ರಾಂತಿಕಾರನದು. ಅವನು ಯಾರಿಗಾಗಿ ಸತ್ತನೋ ಆ ಜನಕ್ಕೆ ಅವನ ಮಾತು ತಿಳಿಯಲಿಲ್ಲ. ಅವನ ರಕ್ತ ಮಾತ್ರ ಬೇಕಾಯಿತು. ಹುಡುಗ ಉಳಿಯುವುದಿಲ್ಲ. ಕೊನೆಗೆ ಇಬ್ಬರು ತಾಯಂದಿರು ಸ್ಮಶಾನದಲ್ಲಿ ಎದುರುಬದುರಾಗುತ್ತಾರೆ.

ಈ ಕಥೆಯನ್ನು ಮೂಢನಂಬಿಕೆಯ ಖಂಡನೆಯೆಂದಷ್ಟೇ ಓದುವುದು ವಾಡಿಕೆ. ಆದರೆ ಅದು ಹುತಾತ್ಮಪೂಜೆಯ ಮೇಲೂ ತೀವ್ರವಾದ ಟೀಕೆಯಾಗಿದೆ. ಸತ್ತವನ ರಕ್ತದಿಂದ ಬದುಕಿರುವವನ ಬೇನೆ ವಾಸಿಯಾಗದೆಂಬುದನ್ನು ಅದು ಅಕ್ಷರಶಃ ತೋರಿಸುತ್ತದೆ. ಶಾಂತಾರಾಮರ ಚಿತ್ರವನ್ನು ಈ ಕಥೆಯ ಪಕ್ಕದಲ್ಲಿಟ್ಟರೆ ಅದರ ಕೊರತೆ ಸ್ಪಷ್ಟವಾಗುತ್ತದೆ. ಅದು ನಮ್ಮ ಕೈಗೆ ಕೊಡುವುದು ಹುತಾತ್ಮನ ರಕ್ತವನ್ನು. ಅವನ ಮಾತನ್ನು, ಅಂದರೆ ಆ ಪಾಠವನ್ನೂ ಆ ಪುಸ್ತಕವನ್ನೂ, ಕೊಡುವುದಿಲ್ಲ. ಲೂ ಷುನ್‌ರ ಕ್ರಾಂತಿಕಾರನಿಗೂ ಕೋಟ್ನಿಸರಿಗೂ ಇರುವ ಅಂತರ ಇದೇ: ಒಬ್ಬನ ಮಾತು ಜನಕ್ಕೆ ಮುಟ್ಟಲಿಲ್ಲ, ಇನ್ನೊಬ್ಬರು ಜನರ ಮಾತನ್ನೇ ತಮ್ಮದಾಗಿಸಿಕೊಂಡರು.

ಇದಕ್ಕೆ ಪೂರಕವಾಗಿ ಮೂರನೆಯ ಕೃತಿಯೊಂದನ್ನು ಇಲ್ಲಿ ಹೆಸರಿಸಬೇಕು. ಕೋಟ್ನಿಸರ ಪತ್ನಿ ಕ್ವೊ ಚಿಂಗ್‌ಲಾನ್ ಅವರು ತಮ್ಮ ಇಳಿವಯಸ್ಸಿನಲ್ಲಿ ಬರೆದು ಪ್ರಕಟಿಸಿದ ನೆನಪುಗಳಿವೆ. ಬೆಥ್ಯೂನರ ಸಮಾಧಿಯ ಬಳಿಯ ಸಮಾರಂಭದಲ್ಲಿ ಪರಸ್ಪರ ಕಂಡವರು, ಒಂದೇ ಆಸ್ಪತ್ರೆಯಲ್ಲಿ ದುಡಿದವರು, ೧೯೪೧ರ ಕೊನೆಗೆ ಮದುವೆಯಾದರು. ೧೯೪೨ರ ಆಗಸ್ಟ್ ೨೩ರಂದು ಗಂಡು ಮಗು ಹುಟ್ಟಿತು. ಭಾರತ, ಚೀನ ಎರಡನ್ನೂ ಸೂಚಿಸುವ ಯಿನ್‌ಹ್ವಾ ಎಂಬ ಹೆಸರಿಟ್ಟರು. ತಂದೆ ತೀರಿಕೊಂಡಾಗ ಮಗುವಿಗೆ ಮೂರೂವರೆ ತಿಂಗಳು. ಆ ಮಗ ತಾನೂ ವೈದ್ಯನಾಗಲೆಂದು ಓದುತ್ತಿದ್ದಾಗ ೧೯೬೭ರಲ್ಲಿ ಅಕಾಲ ಮರಣ ಹೊಂದಿದ. ತಾಯಿ ೨೦೧೨ರವರೆಗೆ ಬಾಳಿದರು. ಚಿತ್ರದ ಚಿಂಗ್ ಲಾನ್ ನಾಯಕನ ಪ್ರೇಯಸಿಯಾಗಿ ಬರುತ್ತಾಳೆ. ನಿಜದ ಚಿಂಗ್‌ಲಾನ್ ದಾದಿಯರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿ. ಇಬ್ಬರು ಮೇಷ್ಟ್ರುಗಳ ಸಂಸಾರ ಅದಾಗಿತ್ತೆಂಬ ಸರಳ ಸಂಗತಿಯನ್ನು ತೆರೆ ನಮಗೆ ತೋರಲಿಲ್ಲ.

ಕೋಟ್ನಿಸರನ್ನು ಕಲ್ಲಾಗಿಸಿದವರು ನಾವಷ್ಟೇ ಎಂದು ತಿಳಿಯಬೇಕಾಗಿಲ್ಲ. ಚೀನದ ಷಿಚ್ಯಾಚ್ವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥ್ಯೂನರ ಜೊತೆಗೆ ಅವರಿಗೂ ಸಮಾಧಿಯಿದೆ. ೧೯೮೨ರಲ್ಲಿ ಚೀನವೂ ೧೯೯೩ರಲ್ಲಿ ಭಾರತವೂ ಅವರ ಅಂಚೆಚೀಟಿ ತಂದವು. ೧೯೬೨ರ ಯುದ್ಧ ಎರಡು ದೇಶಗಳ ನಡುವಣ ಸ್ನೇಹವನ್ನು ಸುಟ್ಟಿತು. ಆದರೂ ಚೀನದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸರ ಮನೆಯವರನ್ನು ಕಾಣುವುದು ಪದ್ಧತಿಯಾಗಿ ಬೆಳೆದು ಬಂತು. ರಾಜಕಾರಣಕ್ಕೆ ಹುತಾತ್ಮನು ಬಹಳ ಅನುಕೂಲ, ಅವನು ಎದುರುಮಾತಾಡುವುದಿಲ್ಲ. ಜೀವಂತ ಉಪಾಧ್ಯಾಯನಾದರೋ ಪ್ರಶ್ನೆ ಕೇಳುತ್ತಾನೆ.

ಪ್ರಶ್ನೆಗಳು ಅಲ್ಲಿಯೂ ಬೇಕಾಗಿದ್ದವು. ಹೊಸ ಚೀನ ೧೯೫೦ರಲ್ಲಿ ತನ್ನ ಆರೋಗ್ಯನೀತಿಯನ್ನು ಸಾರಿತು: ದುಡಿಯುವವರಿಗೆ ಮೊದಲ ಸೇವೆ, ಚಿಕಿತ್ಸೆಗಿಂತ ತಡೆಗೆ ಆದ್ಯತೆ, ಹಳೆಯ ವೈದ್ಯ ಹೊಸ ವೈದ್ಯಗಳ ಐಕ್ಯ. ಸಿಡುಬು ಆ ನಾಡಿನಿಂದ ಅರವತ್ತರ ದಶಕದ ಆರಂಭಕ್ಕೇ ಹೊರಟುಹೋಯಿತು. ೧೯೬೮ರಿಂದ ‘ಬರಿಗಾಲ ವೈದ್ಯ’ರೆಂದು ಹೆಸರಾದ ಹಳ್ಳಿಯ ಆರೋಗ್ಯ ಸೇವಕರಲ್ಲಿ ತಿಂಗ್‌ಷಿಯೆನ್ ಪ್ರಯೋಗದ ನೆರಳನ್ನು ಕಾಣಬಹುದು. ಇಷ್ಟೆಲ್ಲ ಮೆಚ್ಚತಕ್ಕದ್ದೇ. ಆದರೆ ೧೯೫೯ರಿಂದ ೧೯೬೧ರವರೆಗಿನ ಮಹಾಕ್ಷಾಮದಲ್ಲಿ ಅದೇ ನಾಡಿನ ಹಳ್ಳಿಗರು ಕೋಟಿಸಂಖ್ಯೆಯಲ್ಲಿ ಸತ್ತರು. ಬೆಳೆಯ ಸುಳ್ಳು ಲೆಕ್ಕಗಳು ಮೇಲಕ್ಕೆ ಹೋದವು. ಹಸಿವೆಯ ನಿಜವಾದ ಮಾತು ಹೋಗಲಿಲ್ಲ, ಹೇಳಿದವರು ಶಿಕ್ಷೆಗೆ ಗುರಿಯಾದರು. ಜನರ ಭಾಷೆಯಲ್ಲಿ ಜನರಿಗೆ ಹೇಳುವುದನ್ನು ಆ ರಾಜ್ಯ ಕಲಿತಿತ್ತು. ಜನ ಹೇಳಿದ್ದನ್ನು ಕೇಳುವುದನ್ನು ಕಲಿಯಲಿಲ್ಲ. ವೈದ್ಯನಿಗೆ ಕಿವಿಯೇ ಮೊದಲ ಸಲಕರಣೆಯೆಂಬುದು ಆಳುವವರಿಗೂ ಸಲ್ಲುವ ಮಾತು.

ಇನ್ನು ನಮ್ಮ ಕಡೆಗೆ ತಿರುಗೋಣ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ 곁ಕ್ಕೆ ಹೋಗಿ ಗರತಿಯರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು; ೧೯೩೧ರಲ್ಲಿ ‘ಗರತಿಯ ಹಾಡು’ ಹೊರಬಂತು. ಓದು ಬಲ್ಲವನು ಓದು ಬಾರದವರ ಮಾತಿಗೆ ತಲೆಬಾಗಿದ ಆ ಕ್ಷಣದಿಂದ ಕನ್ನಡ ಸಾಹಿತ್ಯಕ್ಕೆ ಹೊಸ ರಕ್ತ ಬಂತು. ವೈದ್ಯಕ್ಕೆ ಅಂಥ ಹಲಸಂಗಿ ಬೇಕಾಗಿದೆ. ಹಾಗೆಂದು ಕನ್ನಡದಲ್ಲಿ ಏನೂ ನಡೆದಿಲ್ಲವೆನ್ನುವುದು ಅನ್ಯಾಯ. ಕೋಟ್ನಿಸರು ತೀರಿಕೊಂಡ ೧೯೪೨ರಲ್ಲಿಯೇ ‘ಕೊರವಂಜಿ’ಯನ್ನು ಆರಂಭಿಸಿದ ಡಾಕ್ಟರ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ‘ಮನಮಂಥನ’ವನ್ನು ಬರೆದರು, ೧೯೭೬ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂತು. ಡಾಕ್ಟರ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಿಂದ ಹೆಂಗಸರು ನಾಚಿ ನುಂಗಿಕೊಳ್ಳುತ್ತಿದ್ದ ಮಾತುಗಳಿಗೆ ಮರ್ಯಾದೆಯ ಕನ್ನಡವನ್ನು ಕೊಟ್ಟರು. ಇವು ಸಣ್ಣ ಸಾಧನೆಗಳಲ್ಲ.

ಆದರೂ ನಮ್ಮ ವೈದ್ಯಕೀಯ ಕಾಲೇಜುಗಳ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ೨೦೧೯ರಿಂದ ಹೊಸ ವಿದ್ಯಾರ್ಥಿಗಳ ಆರಂಭದ ತಯಾರಿಯಲ್ಲಿ ಸ್ಥಳೀಯ ಭಾಷೆಯ ಪರಿಚಯವನ್ನು ಸೇರಿಸಿದ್ದಾರೆ; ಒಳ್ಳೆಯದೇ. ಅಷ್ಟರಲ್ಲಿ ‘ಎಲ್ಲಿ ನೋವು’ ಎಂದು ಕೇಳಲು ಬಂದೀತು. ಬರುವ ಉತ್ತರ ತಿಳಿಯಲು ವರ್ಷಗಳು ಬೇಕು. ಗಡಿಸೀಮೆಯ ರೋಗಿಯ ಪಾಡು ಇನ್ನೂ ಕಠಿಣ. ಹೊಳೆಯಾಚೆಯ ದೊಡ್ಡ ದವಾಖಾನೆಯಲ್ಲಿ ಅವನ ಕನ್ನಡ ಕಂಪೌಂಡರನ ಮರಾಠಿಯಾಗಿ, ಅದು ಡಾಕ್ಟರನ ಇಂಗ್ಲಿಷಾಗಿ ಚೀಟಿಗೆ ಇಳಿಯುವ ಹೊತ್ತಿಗೆ ‘ಜೋಮು’ ಎಲ್ಲಿಯೋ ದಾರಿಯಲ್ಲಿ ಬಿದ್ದುಹೋಗಿರುತ್ತದೆ. ಇದಕ್ಕೆ ಡಾಕ್ಟರರನ್ನು ದೂರಿ ಫಲವಿಲ್ಲ. ಅವರನ್ನು ತಯಾರು ಮಾಡುವ ಶಾಲೆ ಆ ಮಾತನ್ನು ಕಲಿಯತಕ್ಕ ವಿದ್ಯೆಯೆಂದು ಎಣಿಸಲಿಲ್ಲ.

ಸೊಲ್ಲಾಪುರದಲ್ಲಿ ಕೋಟ್ನಿಸರ ಹಳೆಯ ಮನೆಯನ್ನು ಸ್ಮಾರಕವಾಗಿಸಿದ್ದಾರೆ. ದವಾಖಾನೆಗೆಂದು ಆ ಊರಿಗೆ ಹೋಗುವ ನಮ್ಮ ಕಡೆಯವರು ಬಿಡುವಾದಾಗ ಅದನ್ನು ನೋಡಿ ಬರಬೇಕು. ಆದರೆ ಮುಂದೆ ಕನ್ನಡದಲ್ಲಿ ಅವರ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ಬಿನ್ನಹವುಂಟು. ಬರಹವನ್ನು ಅವರ ಸಾವಿನ ಹಾಸಿಗೆಯಿಂದ ಆರಂಭಿಸದೆ, ಅವರು ಅರ್ಧಕ್ಕೆ ಬಿಟ್ಟ ಆ ಪಠ್ಯಪುಸ್ತಕದಿಂದ ಆರಂಭಿಸಲಿ. ನರಕ್ಕೆ, ಸ್ನಾಯುವಿಗೆ, ಕೀವಿಗೆ, ಹೊಲಿಗೆಗೆ ಅವರು ಹಳ್ಳಿಯ ಹುಡುಗರೆದುರು ಯಾವ ಚೀನೀ ಮಾತುಗಳನ್ನು ಬಳಸಿದರು, ಯಾವುದನ್ನು ವಿದ್ಯಾರ್ಥಿಗಳಿಂದಲೇ ಕೇಳಿ ಕಲಿತರು ಎಂಬುದನ್ನು ಚೀನೀ ಬಲ್ಲ ಕನ್ನಡಿಗನೊಬ್ಬನು ಕುಳಿತು ಶೋಧಿಸಿದರೆ, ಎರಡು ದೇಶಗಳ ಗೆಳೆತನದ ಭಾಷಣಗಳು ಹೇಳದ ಸಂಗತಿ ನಮಗೆ ತಿಳಿದೀತು. ಅದನ್ನು ಓದಿದ ವಿಜಾಪುರದ ವೈದ್ಯ ವಿದ್ಯಾರ್ಥಿಯೊಬ್ಬನು ತನ್ನ ಟಿಪ್ಪಣಿಯ ವಹಿಯಲ್ಲಿ ಆಲಮೇಲದ ಮುದುಕಿ ಹೇಳಿದ ಬೇನೆಯ ಹೆಸರನ್ನು ಅವಳ ಮಾತಿನಲ್ಲಿಯೇ ಬರೆದುಕೊಂಡರೆ, ಕೋಟ್ನಿಸರಿಗೆ ಅದಕ್ಕಿಂತ ಒಳ್ಳೆಯ ಸ್ಮಾರಕ ಬೇಕಾಗಲಿಕ್ಕಿಲ್ಲ.